ಮೇವಿನ ನಿಯಮ ಬಾಯಿಮಾತಿನಲ್ಲಿ ಉಳಿಯಬಾರದು



ಕಾಡಂಚಿನ ನಮ್ಮೂರ ಡೇರಿಯಲ್ಲಿ ಬೆಳಿಗ್ಗೆ ಹಾಲು ಅಳೆಯುವಾಗ ಒಂದು ಪ್ರಶ್ನೆ ಪದೇ ಪದೇ ಬರುತ್ತದೆ: "ಅಕ್ಕಾ, ಇನ್ನು ಮೇಲೆ ದನ ಕಾಡಿಗೆ ಬಿಡಂಗಿಲ್ವಂತೆ, ನಿಜಾನಾ?" ಸಂಘದ ಕಾರ್ಯದರ್ಶಿಯಾದ ನನಗೂ ನೇರ ಉತ್ತರ ಗೊತ್ತಿರಲಿಲ್ಲ. ಒಬ್ಬರು ಬಿಡಬಹುದು ಎನ್ನುತ್ತಾರೆ, ಇನ್ನೊಬ್ಬರು ಕೇಸು ಹಾಕುತ್ತೇವೆ ಎನ್ನುತ್ತಾರೆ. ಕೊನೆಗೆ ಕಾನೂನಿನಲ್ಲಿ ಏನಿದೆ ಎಂದು ಓದಿ, ಕೇಳಿ ತಿಳಿದುಕೊಂಡೆ. ಅದನ್ನೂ ನನ್ನ ಅಭಿಪ್ರಾಯವನ್ನೂ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

2025ರ ಜೂನ್ ಕೊನೆಯ ವಾರ ಮಲೆ ಮಹದೇಶ್ವರ ವನ್ಯಧಾಮದಲ್ಲಿ ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ಮುಂದಿನ ತಿಂಗಳು ಕಾಡಿನಲ್ಲಿ ದನ, ಕುರಿ, ಆಡು ಮೇಯಿಸುವುದನ್ನು ನಿಷೇಧಿಸಲು ಕ್ರಮ ಕೈಗೊಳ್ಳುವಂತೆ ಅರಣ್ಯ ಸಚಿವರು ಸೂಚಿಸಿದರು. ರೈತರಿಂದ ವಿರೋಧವೂ ಬಂತು. ಅಂದಿನಿಂದ ನಮ್ಮಂಥ ಊರುಗಳಲ್ಲಿ ಗೊಂದಲ ನಿಂತಿಲ್ಲ.

ಮೊದಲು ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಹಸು ಕಳೆದುಕೊಂಡ ಮನೆಯ ಸಂಕಟ ನಮಗೆ ಗೊತ್ತು. ಆದರೂ ವಿಷ ಹಾಕುವುದಕ್ಕೆ ಸಮಜಾಯಿಷಿ ಇಲ್ಲ. ಹುಲಿ ಕೊಂದರೆ ಕನಿಷ್ಠ 3 ವರ್ಷ ಜೈಲು. ಅದಕ್ಕಿಂತ ಹೆಚ್ಚಾಗಿ, ಒಬ್ಬರು ಮಾಡಿದ ಕೆಲಸಕ್ಕೆ ಕಾಡಂಚಿನ ಎಲ್ಲ ಹಟ್ಟಿಗಳ ಮೇಲೂ ಅನುಮಾನದ ಕಣ್ಣು ಬೀಳುತ್ತದೆ.

ಇನ್ನು ಕಾನೂನು. ಕಾಡುಪ್ರಾಣಿಗಳ ರಕ್ಷಣೆಗೆ ಕೇಂದ್ರದ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಅದು ಎಲ್ಲ ಕಾಡಿಗೂ ಒಂದೇ ನಿಯಮ ಹೇಳುವುದಿಲ್ಲ. ಬಂಡೀಪುರ, ನಾಗರಹೊಳೆಯಂಥ ರಾಷ್ಟ್ರೀಯ ಉದ್ಯಾನದೊಳಗೆ ದನ ಮೇಯಿಸುವಂತಿಲ್ಲ. ವನ್ಯಧಾಮದ ಮಾತು ಬೇರೆ. ಅಲ್ಲಿ ಮೇವನ್ನು ನಿಯಂತ್ರಿಸುವ, ಮಿತಿಯೊಳಗೆ ಅನುಮತಿಸುವ ಅಧಿಕಾರವನ್ನು ಕಾಯ್ದೆ ಅರಣ್ಯಾಧಿಕಾರಿಗೆ ಕೊಟ್ಟಿದೆ. ವನ್ಯಧಾಮದ 5 ಕಿಲೋಮೀಟರ್ ಸುತ್ತಲಿನ ದನಗಳಿಗೆ ಲಸಿಕೆ ಹಾಕಿಸಬೇಕು, ಲಸಿಕೆ ಇಲ್ಲದ ದನವನ್ನು ಒಳಗೆ ಬಿಡಬಾರದು ಎಂದೂ ಅದರಲ್ಲೇ ಇದೆ. ಕಾಲುಬಾಯಿ ಜ್ವರ ನಮ್ಮ ಕೊಟ್ಟಿಗೆಯಿಂದ ಕಾಟಿಗೂ ಹಬ್ಬಬಲ್ಲದು, ಅದಕ್ಕೇ ಈ ನಿಯಮ.

ಇನ್ನೊಂದು ಕೇಂದ್ರ ಕಾಯ್ದೆ 2006ರ ಅರಣ್ಯ ಹಕ್ಕು ಕಾಯ್ದೆ. ಹಿಂದಿನಿಂದ ಕಾಡನ್ನೇ ನಂಬಿ ಬದುಕಿದ ಬುಡಕಟ್ಟು ಜನರಿಗೂ, ಮೂರು ತಲೆಮಾರು ಅಂದರೆ 75 ವರ್ಷದಿಂದ ಕಾಡಿನ ಆಸರೆಯಲ್ಲಿರುವ ಇತರರಿಗೂ ದನ ಮೇಯಿಸುವುದನ್ನು ಸಮುದಾಯದ ಹಕ್ಕಾಗಿ ಕೇಳಲು ಅದು ಅವಕಾಶ ಕೊಡುತ್ತದೆ. ಅರ್ಜಿ ಮೊದಲು ಹೋಗುವುದು ಗ್ರಾಮಸಭೆಗೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಸಮುದಾಯ ಹಕ್ಕು ಪಡೆದದ್ದು ಈ ಕಾಯ್ದೆಯಡಿಯೇ.

ಅಂದರೆ "ಎಲ್ಲಾ ಕಡೆ ಬಂದ್" ಎನ್ನುವುದೂ ಪೂರ್ತಿ ಸರಿಯಲ್ಲ, "ನಮ್ಮ ಅಜ್ಜನ ಕಾಲದಿಂದ ಬಿಡುತ್ತಿದ್ದೇವೆ, ಯಾರು ಕೇಳುತ್ತಾರೆ" ಎನ್ನುವುದೂ ಸರಿಯಲ್ಲ. ನಮಗೆ ಬೇಕಾಗಿರುವುದು ಊರಿಗೊಂದು ಬರೆದಿಟ್ಟ ನಿಯಮ.

ಬೇರೆ ದೇಶದಲ್ಲಿ ಈ ಪ್ರಶ್ನೆ ಬಂದಾಗ ಏನು ಮಾಡಿದರು ಎಂದು ನೋಡಿದೆ. ಅಮೆರಿಕದಲ್ಲಿ 1964ರಲ್ಲಿ ನಿರ್ಜನ ಕಾಡು, ಬೆಟ್ಟಗಳನ್ನು ಕಾಯಲು ಒಂದು ಕಾಯ್ದೆ ಬಂತು. ಬಲು ಬಿಗಿಯಾದ ಕಾಯ್ದೆ. ಒಳಗೆ ಹೊಸ ರಸ್ತೆ ಇಲ್ಲ, ವಾಹನ ಇಲ್ಲ, ಮರ ಕೊಯ್ಯುವ ಯಂತ್ರವಿಲ್ಲ, ಸೈಕಲ್ ಕೂಡ ಬಿಡುವುದಿಲ್ಲ. ಆದರೆ ಅದೇ ಕಾಯ್ದೆಯಲ್ಲಿ ದನದ ಮಾತೂ ಇದೆ. ಮೊದಲಿನಿಂದ ಮೇಯಿಸುತ್ತಿದ್ದ ಕಡೆ ನಿಯಮಕ್ಕೆ ಒಳಪಟ್ಟು ಮುಂದುವರಿಸಬಹುದು. 1980ರಲ್ಲಿ ಬಂದ ಮಾರ್ಗಸೂಚಿ ಇನ್ನೂ ಬಿಡಿಸಿ ಹೇಳಿತು: ಕಾಡಿಗೆ ರಕ್ಷಣೆ ಸಿಕ್ಕಿತೆಂಬ ಒಂದೇ ಕಾರಣಕ್ಕೆ ದನದ ಸಂಖ್ಯೆ ಇಳಿಸಬಾರದು, ಹುಲ್ಲಿನ ಸ್ಥಿತಿ ನೋಡಿ ನಿರ್ಧರಿಸಬೇಕು. ಕಾಯಿಲೆ ಬಿದ್ದ ದನವನ್ನು ಕಾಪಾಡುವಂಥ ತುರ್ತು ಕೆಲಸಕ್ಕೆ ವಾಹನ ಒಳಗೆ ಹೋಗಬಹುದು. ನಮ್ಮಷ್ಟು ಜನ, ನಮ್ಮಷ್ಟು ಹುಲಿ, ಆನೆ ಅಲ್ಲಿಲ್ಲ. ಆ ನಿಯಮವನ್ನು ಹಾಗೇ ತಂದು ಇಲ್ಲಿ ಹಾಕಲಾಗದು. ಆದರೆ ಯಾರು, ಎಲ್ಲಿ, ಎಷ್ಟು ದನ ಎಂಬುದನ್ನು ಮೊದಲೇ ಬರೆದಿಟ್ಟರೆ ಇಬ್ಬರಿಗೂ ಜಗಳ ತಪ್ಪುತ್ತದೆ ಎನ್ನುವುದನ್ನು ಕಲಿಯಬಹುದು.

ನಮ್ಮ ಕಡೆಯಿಂದ ನಾವು ಏನು ಬಿಟ್ಟುಕೊಡಬಹುದು? ಹುಲಿಯ ನೆಲೆಯಾದ ಒಳಗಾಡಿಗೆ ದನ ಅಟ್ಟುವುದನ್ನು ನಿಲ್ಲಿಸೋಣ. ಅಲ್ಲಿ ಜಿಂಕೆ, ಕಡವೆಗೆ ಉಳಿಯುವ ಹುಲ್ಲಿನ ಮೇಲೆಯೇ ಹುಲಿಯ ಹೊಟ್ಟೆಯೂ ನಿಂತಿದೆ. ಬೇರೆಯವರ ದನವನ್ನು ನಮ್ಮ ಹೆಸರಿನಲ್ಲಿ ಕಾಡಿಗೆ ಬಿಡುವುದು ಬೇಡ. ಲಸಿಕೆ, ಕಿವಿಯೋಲೆ ತಪ್ಪಿಸುವುದು ಬೇಡ. ದಿನವಿಡೀ ಕಾಡು ಸುತ್ತಿ ಬಂದ ಹಸು ಸಂಜೆ ಎಷ್ಟು ಹಾಲು ಕೊಡುತ್ತದೆ ಎಂದು ಕರೆಯುವ ನಮಗೇ ಗೊತ್ತು. ಕರೆಯುವ ಹಸುವನ್ನಾದರೂ ಕೊಟ್ಟಿಗೆಯಲ್ಲೇ ಸಾಕೋಣ.

ಆದರೆ ಕೊಟ್ಟಿಗೆಯಲ್ಲಿ ಸಾಕಿ ಎಂದು ಹೇಳುವವರು ಒಂದನ್ನು ನೆನಪಿಡಬೇಕು. ಹಸು ಕಾಡಿಗೆ ಹೋಗದಿದ್ದರೆ ಹುಲ್ಲಿನ ಹೊರೆ ಹೆಂಗಸಿನ ತಲೆ ಮೇಲೆ ಬರುತ್ತದೆ. ಒಂದು ಎಕರೆ ಖುಷ್ಕಿ ಇರುವವಳು ರಾಗಿ ಬೆಳೆಯಬೇಕೋ, ಮೇವು ಬೆಳೆಯಬೇಕೋ? ಜಮೀನೇ ಇಲ್ಲದವಳು ಏನು ಮಾಡಬೇಕು? ಆದ್ದರಿಂದ ಮೇಯಿಸುವುದನ್ನು ನಿಲ್ಲಿಸುವ ಮೊದಲು ಗೋಮಾಳ ಬಿಡಿಸಿ ಕೊಡಲಿ. ಮೇವಿನ ಬೀಜ, ಬೇರು, ಮೇವು ಕತ್ತರಿಸುವ ಯಂತ್ರ, ಬೇಸಿಗೆಗೆ ರಸಮೇವು ನಮ್ಮ ಸಂಘದ ಬಾಗಿಲಿಗೆ ಬರಲಿ. ಹುಲಿ, ಚಿರತೆ ಹಸು ಹಿಡಿದರೆ ಪರಿಹಾರ ತಿಂಗಳುಗಟ್ಟಲೆ ಕಾಯಿಸದೆ ಕೈಸೇರಲಿ. ಒಕ್ಕೂಟವೂ ಇದನ್ನು ತನ್ನ ಕೆಲಸವೆಂದು ತಿಳಿದು ಅರಣ್ಯ ಇಲಾಖೆಯೊಂದಿಗೆ ಕೂತು ಮಾತಾಡಲಿ.

ನಾವು ಮಾಡಬೇಕಾದ ಕೆಲಸವೂ ಒಂದಿದೆ. ಅರಣ್ಯ ಹಕ್ಕಿನ ಗ್ರಾಮಸಭೆಯಲ್ಲಿ ಸೇರಿದವರ ಪೈಕಿ ಮೂರನೇ ಒಂದು ಭಾಗ ಹೆಂಗಸರಿರಬೇಕು ಎಂದು ನಿಯಮವೇ ಹೇಳುತ್ತದೆ. ಅರಣ್ಯ ಹಕ್ಕು ಸಮಿತಿಯಲ್ಲೂ ಅಷ್ಟೇ. ಸಹಿ ಹಾಕಿ ಮನೆಗೆ ಬರುವುದಲ್ಲ, ಕೂತು ಮಾತಾಡಬೇಕು. ಯಾವ ದಾರಿ, ಯಾವ ಹಳ್ಳದವರೆಗೆ, ಎಷ್ಟು ದನ ಎಂಬುದನ್ನು ದನ ಕಾಯುವವರೇ ಹೇಳದಿದ್ದರೆ ಮತ್ತ್ಯಾರು ಹೇಳಬೇಕು?

ಮುಂದಿನ ಬಟವಾಡೆಯ ದಿನ ಡೇರಿಗೆ ಬಂದಾಗ ಅರ್ಧ ಗಂಟೆ ಕೂರಿ. ನಿಮ್ಮ ಮನೆಯ ದನ ಎಷ್ಟು, ಲಸಿಕೆ ಯಾವಾಗ ಆಯಿತು, ಎಲ್ಲಿ ಮೇಯುತ್ತವೆ ಎಂದು ಬರೆಸಿ. ಆ ಪಟ್ಟಿ ಹಿಡಿದೇ ಗ್ರಾಮಸಭೆಗೆ ಹೋಗೋಣ.