ಕ್ಷಮೆಯೆಂಬುದು ನಿತ್ಯದ ಕಾಯಕ

ಕ್ಷಮೆಯ ಕುರಿತು ನುಡಿಯುವುದು ಸುಲಭ. ತನ್ನ ಕೈಯನ್ನೇ ಕಡಿದ ಗುಂಪನ್ನು ಕ್ಷಮಿಸುವುದು ಸುಲಭವಲ್ಲ. ಉತ್ತರ ನೈಜೀರಿಯದ ಕಡೂನಾ ನಗರದ ಇಬ್ಬರು ಧರ್ಮೋಪದೇಶಕರ ಬದುಕು ಈ ಅಂತರವನ್ನು ಮನಗಾಣಿಸುತ್ತದೆ.

ಇಮಾಮ್ ಮುಹಮ್ಮದ್ ಅಶಾಫಾ ಮತ್ತು ಪಾದ್ರಿ ಜೇಮ್ಸ್ ವೂಯೆ ಒಂದು ಕಾಲಕ್ಕೆ ಪರಸ್ಪರ ಹೋರಾಡಿದ ಸಶಸ್ತ್ರ ಪಡೆಗಳ ಮುಂದಾಳುಗಳು. 1992ರ ಗಲಭೆಯಲ್ಲಿ ವೂಯೆ ಬಲಗೈ ಕಳೆದುಕೊಂಡರು; ಅಶಾಫಾ ತಮ್ಮ ಗುರುವನ್ನೂ ಇಬ್ಬರು ಬಂಧುಗಳನ್ನೂ ಕಳೆದುಕೊಂಡರು. ಇಬ್ಬರಲ್ಲೂ ಉಳಿದದ್ದು ಪ್ರತೀಕಾರದ ಬೆಂಕಿ.

ಅಶಾಫಾ ಅವರ ಅಂತರಂಗವನ್ನು ತಿರುಗಿಸಿದ್ದು ಮಸೀದಿಯಲ್ಲಿ ಕೇಳಿದ ಒಂದು ಪ್ರವಚನ. ತಾಯಿಫ್ ಪಟ್ಟಣದ ಜನರು ಪ್ರವಾದಿ ಮುಹಮ್ಮದರನ್ನು ಕಲ್ಲೆಸೆದು ಅಟ್ಟಿದರು. ಆ ಊರನ್ನು ನಾಶಗೊಳಿಸಲೇ ಎಂದು ದೇವದೂತನು ಕೇಳಿದಾಗ ಪ್ರವಾದಿಯವರು ಒಪ್ಪದೆ, ಇವರ ಸಂತತಿಯಾದರೂ ದೇವರನ್ನು ಅರಿಯಲೆಂದು ಹಾರೈಸಿದರೆಂಬುದು ಇಸ್ಲಾಮೀ ಪರಂಪರೆಯ ನಂಬಿಕೆ. ಶಾಂತಿಯನ್ನರಸಿ ಅಶಾಫಾ ತಮ್ಮ ಧರ್ಮದಿಂದ ಹೊರಗೆ ಬರಲಿಲ್ಲ. ಅದರ ಒಳಗೇ ಮತ್ತಷ್ಟು ಆಳಕ್ಕೆ ಇಳಿದರು.

1995ರಲ್ಲಿ ಪತ್ರಕರ್ತರೊಬ್ಬರು ಈ ಇಬ್ಬರ ಕೈಗಳನ್ನು ಕೂಡಿಸಿದರು. ಮುಂದೆ ಅವರು ಜೊತೆಯಾಗಿಯೇ ಅಂತರ್‌ಧರ್ಮೀಯ ಮಧ್ಯಸ್ಥಿಕೆಯ ಕೇಂದ್ರವನ್ನು ಕಟ್ಟಿದರು. ಆದರೆ ಕೈ ಕೂಡಿದೊಡನೆ ಮನ ಕೂಡಲಿಲ್ಲ. ಒಂದೇ ಕೋಣೆಯಲ್ಲಿ ಮಲಗಿದ್ದಾಗ ಇಮಾಮರನ್ನು ದಿಂಬಿನಿಂದ ಉಸಿರುಗಟ್ಟಿಸುವ ಯೋಚನೆ ತಮಗೆ ಬಂದಿತ್ತೆಂದು ವೂಯೆ ಮುಂದೆ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ಕಹಿ ಕರಗಲು ವರ್ಷಗಳೇ ಹಿಡಿದವು.

ಹೊರಗಿನ ಹಾದಿಯೂ ಸುಗಮವಾಗಿರಲಿಲ್ಲ. 2002ರ ಆಗಸ್ಟ್‌ನಲ್ಲಿ ಉಭಯ ಧರ್ಮಗಳ ಹಿರಿಯರು ಕಡೂನಾ ಶಾಂತಿ ಘೋಷಣೆಗೆ ಸಹಿ ಹಾಕಿದರು. ಅದೇ ನವೆಂಬರ್‌ನಲ್ಲಿ ನಗರ ಮತ್ತೆ ಹೊತ್ತಿ ಉರಿದು ಇನ್ನೂರಕ್ಕೂ ಹೆಚ್ಚು ಜೀವಗಳು ಹೋದವು. ಹಾಗಾದರೆ ಸಂವಾದ ವ್ಯರ್ಥವೇ? ಅಲ್ಲ. ಸಹಿ ಮಾಡಿದ ಕಾಗದ ಬೆಂಕಿಯನ್ನು ತಡೆಯದು ಎಂಬುದಷ್ಟೇ ಇದರ ಪಾಠ. ಇಬ್ಬರೂ ಕೆಲಸ ಬಿಡಲಿಲ್ಲ. 2004ರ ಹತ್ಯಾಕಾಂಡದ ತರುವಾಯ ಯೆಲ್ವಾ ಪಟ್ಟಣಕ್ಕೆ ಹೋಗಿ, ಒಬ್ಬರನ್ನೊಬ್ಬರು ಕೊಂದ ಸಮುದಾಯಗಳನ್ನು ಎದುರುಬದುರು ಕೂರಿಸಿ ಮಾತನಾಡಿಸಿದರು.

ಧರ್ಮಗಳೆಲ್ಲ ಒಂದೇ ಎಂದು ಇವರು ಸಾರಿದವರಲ್ಲ. ಇಮಾಮರು ಇಮಾಮರಾಗಿಯೇ, ಪಾದ್ರಿಗಳು ಪಾದ್ರಿಗಳಾಗಿಯೇ ಉಳಿದರು. ಸೌಹಾರ್ದ ಬಯಸುವವರು ಮೊದಲು ತತ್ತ್ವದಲ್ಲಿ ಒಮ್ಮತ ಹುಡುಕಹೊರಟರೆ ಜೀವಮಾನವೇ ಸಾಲದು. ನೊಂದವರ ಮನೆಬಾಗಿಲಿಗೆ ಕೂಡಿ ನಡೆಯಲು ಒಮ್ಮತ ಬೇಕಿಲ್ಲ. ಕ್ಷಮೆ ಒಂದು ದಿನದ ಉದಾರಭಾವವಲ್ಲ, ದಿನದಿನವೂ ಮಾಡಬೇಕಾದ ಕಾಯಕ. ವೇದಿಕೆಯ ಮೇಲೆ ಕೈಕುಲುಕಿ ಮನೆಗೆ ಮರಳುವವರು ಇದನ್ನು ಅರಿಯಬೇಕಾಗಿದೆ.