ಕ್ವೀನ್ಸ್‌ಬರಿಯ ಜೇಡಿ, ಬೆಂಗಳೂರಿನ ಬಂಡೆ

ಲಂಡನ್ನಿನ ವಾಯವ್ಯ ಅಂಚಿನ ಕ್ವೀನ್ಸ್‌ಬರಿಯಲ್ಲಿ ಮನೆ ಕೊಳ್ಳುವವರ ಪರವಾಗಿ ವಕೀಲರು ಸ್ಥಳೀಯ ಆಡಳಿತಕ್ಕೆ ಕಳಿಸುವ ಪ್ರಶ್ನೆಗಳಲ್ಲಿ ಇದೂ ಒಂದು: ಈ ಜಾಗ ರೇಡಾನ್ ಬಾಧಿತ ಪ್ರದೇಶದಲ್ಲಿದೆಯೇ? 1934ರಲ್ಲಿ ರೈಲು ನಿಲ್ದಾಣ ತೆರೆದ ಬಳಿಕ ಬೆಳೆದ ಈ ಬಡಾವಣೆ ನಿಂತಿರುವುದು ದಟ್ಟವಾದ ಲಂಡನ್ ಜೇಡಿಯ ಮೇಲೆ. ನೆಲದಾಳದ ಅನಿಲಕ್ಕೆ ಅದನ್ನು ದಾಟಿ ಬರುವುದು ಸುಲಭವಲ್ಲ. ಅಪಾಯ ಕಡಿಮೆಯಿದ್ದರೂ ಪ್ರಶ್ನೆಯನ್ನು ಮಾತ್ರ ಬಿಡುವುದಿಲ್ಲ.

ಬಂಡೆಯಲ್ಲಿರುವ ಯುರೇನಿಯಂ ಕ್ಷಯಿಸುತ್ತ ರೇಡಿಯಂ ಆಗಿ, ರೇಡಿಯಂನಿಂದ ರೇಡಾನ್ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಬಯಲಿನಲ್ಲಿ ಗಾಳಿಗೆ ಚದುರಿಹೋಗುವ ಅನಿಲ ಮುಚ್ಚಿದ ಮನೆಯಲ್ಲಿ ಮಡುಗಟ್ಟುತ್ತದೆ. ಅದರಿಂದ ಹುಟ್ಟುವ ವಿಕಿರಣಶೀಲ ಕಣಗಳು ಶ್ವಾಸಕೋಶಕ್ಕೆ ಅಂಟಿಕೊಳ್ಳುತ್ತವೆ. ಬ್ರಿಟನ್ನಿನಲ್ಲಿ ವರ್ಷಕ್ಕೆ ಸುಮಾರು 1,100 ಶ್ವಾಸಕೋಶ ಕ್ಯಾನ್ಸರ್ ಸಾವುಗಳಿಗೆ ಇದರ ನಂಟಿದೆ ಎಂಬುದು ಅಲ್ಲಿನ ಆರೋಗ್ಯ ಇಲಾಖೆಯ ಅಂದಾಜು. ಸತ್ತವರಲ್ಲಿ ಹೆಚ್ಚಿನವರು ಧೂಮಪಾನಿಗಳು.

ಅಲ್ಲಿ ಮನೆಗಳ ಗಾಳಿಯಲ್ಲಿ ರೇಡಾನ್ ಸರಾಸರಿ ಪ್ರತಿ ಘನ ಮೀಟರಿಗೆ 20 ಬೆಕರೆಲ್ (ವಿಕಿರಣಶೀಲತೆಯ ಅಳತೆ). 200 ದಾಟಿದರೆ ದುರಸ್ತಿ ಮಾಡಿಸಿ ಎನ್ನುತ್ತಾರೆ. ಅಂಚೆಯಲ್ಲಿ ಬರುವ ಎರಡು ಪುಟ್ಟ ಡಿಟೆಕ್ಟರ್‌ಗಳನ್ನು ನಡುಮನೆಯಲ್ಲೊಂದು, ಮಲಗುವ ಕೋಣೆಯಲ್ಲೊಂದು ಮೂರು ತಿಂಗಳು ಇಟ್ಟರೆ ಲೆಕ್ಕ ಸಿಗುತ್ತದೆ. ಮರದ ನೆಲಹಾಸಿನ ಹಳೆಯ ಮನೆಗಳಲ್ಲಿ ಗೋಡೆಬುಡದ ಏರ್‌ಬ್ರಿಕ್‌ಗಳನ್ನು, ಅಂದರೆ ಗಾಳಿಯಾಡುವ ತೂತಿನ ಇಟ್ಟಿಗೆಗಳನ್ನು, ತೆರೆದಿಟ್ಟರೇ ಎಷ್ಟೋ ಕಡೆ ಪ್ರಮಾಣ ತಗ್ಗುತ್ತದೆ. (ಚಳಿಗೆ ಹೆದರಿ ಅವನ್ನು ಮುಚ್ಚುವವರೇ ಬಹಳ.) ಕಾಂಕ್ರೀಟ್ ನೆಲವಾದರೆ ಅಡಿಯಲ್ಲಿ ಚಿಕ್ಕ ಗುಂಡಿ ತೋಡಿ, ಕೊಳವೆ ಮತ್ತು ಫ್ಯಾನ್ ಹಾಕಿ ಅನಿಲವನ್ನು ಮನೆಯೊಳಗೆ ಬರುವ ಮೊದಲೇ ಹೊರಗೆಳೆಯುತ್ತಾರೆ. ಬರಿಯ ಬಿರುಕು ಮುಚ್ಚಿದರೆ ಸಾಲದು. ಒಳಗಿನ ಬಿಸಿಗಾಳಿ ಮೇಲೇರುವಾಗ ಮನೆಯೇ ನೆಲದಿಂದ ಅನಿಲವನ್ನು ಹೀರಿಕೊಳ್ಳುತ್ತದೆ.

ಇಷ್ಟು ಸಲಕರಣೆ ನಮಗೂ ಬೇಕೇ ಎಂದರೆ, ಎಲ್ಲರಿಗೂ ಬೇಡ. ತೊಟ್ಟಿಮನೆ, ಹೆಂಚಿನ ಮಾಡು, ಹಗಲೆಲ್ಲ ತೆರೆದ ಕಿಟಕಿ ಇರುವಲ್ಲಿ ರೇಡಾನ್ ನಿಲ್ಲುವುದಿಲ್ಲ. ಆದರೆ ಬೆಂಗಳೂರು ಕೂತಿರುವುದು ಲಾಲ್‌ಬಾಗ್ ಗುಡ್ಡದಲ್ಲಿ ಕಾಣುವ ಪ್ರಾಚೀನ ನೈಸ್ ಶಿಲೆಯ ಮೇಲೆ. ರಾಮನಗರದ ಬಂಡೆಗೆ ಊರಿನ ಹಳೆಯ ಹೆಸರಿನಿಂದಲೇ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಇಂಥ ಬಂಡೆಗಳನ್ನೇ ಕೊರೆದು ಸಾವಿರ ಅಡಿಯಿಂದ ನೀರೆತ್ತುತ್ತೇವೆ, ಆ ನೀರಿನಲ್ಲಿ ಕರಗಿ ಬರುವ ರೇಡಾನ್ ಸ್ನಾನದ ಮನೆಯಲ್ಲಿ ಗಾಳಿಗೆ ಸೇರುತ್ತದೆ. ಈಗ ಎಸಿ ಬಂದು ಕಿಟಕಿಗಳೂ ಮುಚ್ಚಿವೆ. ಮೈಸೂರು ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ಮನೆಗಳ ಗಾಳಿಯನ್ನೂ ಕೊಳವೆಬಾವಿ ನೀರನ್ನೂ ಬಹುಕಾಲದಿಂದ ಅಳೆಯುತ್ತ ಬಂದಿದ್ದಾರೆ. ಆ ಅಂಕಿಗಳು ಸಂಶೋಧನಾ ಪತ್ರಿಕೆಗಳನ್ನು ದಾಟಿ ಮನೆ ಕಟ್ಟುವವನ ಕೈಗೆ ಬಂದಿಲ್ಲ ಎಂಬುದೇ ನನ್ನ ತಕರಾರು. ಬ್ರಿಟನ್ನಿನಲ್ಲಿ ವಿಳಾಸ ಕೊಟ್ಟರೆ ಅಪಾಯದ ಮಟ್ಟ ಹೇಳುವ ನಕ್ಷೆಯಿದೆ. ಜೇಡಿಯ ಮೇಲಿರುವವರಿಗೆ ಸಿಗುವ ಮಾಹಿತಿ ಬಂಡೆಯ ಮೇಲಿರುವ ನಮಗೆ ಸಿಗದಿರುವುದು ಆಡಳಿತದ ಸೋಮಾರಿತನವಲ್ಲದೆ ಬೇರೇನೂ ಅಲ್ಲ.

ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆ ವಿಶ್ವವಿದ್ಯಾಲಯಗಳ ಜೊತೆ ಸೇರಿ ತಾಲ್ಲೂಕುವಾರು ನಕ್ಷೆ ಮಾಡಬಹುದು. ರಾಮನಗರ, ಕೋಲಾರಗಳ ನೆಲಮಹಡಿ ಮನೆಗಳಿಂದಲೂ ಶಾಲೆಗಳಿಂದಲೂ ಶುರು ಮಾಡಲಿ. ಅಲ್ಲಿಯವರೆಗೆ ಕೊಳವೆಬಾವಿ ನೀರನ್ನು ತೊಟ್ಟಿಗೆ ಎತ್ತರದಿಂದ ಚಿಮ್ಮುವಂತೆ ಬಿಟ್ಟು, ಕೆಲವು ದಿನ ನಿಲ್ಲಿಸಿ ಬಳಸುವುದು ಒಳ್ಳೆಯದು, ರೇಡಾನ್ 3.8 ದಿನಕ್ಕೆ ಅರ್ಧಕ್ಕಿಳಿಯುತ್ತದೆ.