ಮೇಜಿನ ಬಳಿಗೆ ಬರುವ ಮೊದಲು

ಐಗುಪ್ತದಲ್ಲಿ ಇಸ್ರಾಯೇಲ್ಯರ ಪಸ್ಕದ ಊಟ ಒಂದೇ ರಾತ್ರಿಯದು. ಅದರ ಸಿದ್ಧತೆ ಮಾತ್ರ ನಾಲ್ಕು ದಿನ ಮೊದಲೇ ಶುರುವಾಗಬೇಕಿತ್ತು. ತಿಂಗಳ 10ನೆಯ ದಿನ ಊನವಿಲ್ಲದ, ವರ್ಷ ಪ್ರಾಯದ ಮರಿಯನ್ನು ಆರಿಸಿಕೊಳ್ಳಬೇಕು. 14ನೆಯ ದಿನದ ಸಂಜೆಯವರೆಗೆ ಅದನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಆ ದಿನಗಳಲ್ಲಿ ಮಕ್ಕಳು ಅದಕ್ಕೆ ಹುಲ್ಲು ಹಾಕಿರುತ್ತಾರೆ, ಅದರ ಕೂಗು ಮನೆಯವರಿಗೆಲ್ಲ ಪರಿಚಯವಾಗಿರುತ್ತದೆ. ತಮ್ಮ ಬಿಡುಗಡೆಗಾಗಿ ಒಂದು ಜೀವ ಹೋಗಲಿದೆ ಎಂಬುದನ್ನು ಆ ಮನೆಗಳು ಮರೆತು ಊಟಕ್ಕೆ ಕೂರುವಂತಿರಲಿಲ್ಲ.

ಸಹೋದರರೇ, ಸಹೋದರಿಯರೇ, ಶ್ರಮವಾರದ ಗುರುವಾರ ಹತ್ತಿರ ಬರುತ್ತಿದೆ. ಯೇಸು ತನ್ನ ಶಿಷ್ಯರ ಜೊತೆ ಉಂಡ ಕೊನೆಯ ಊಟ ಈ ಪಸ್ಕದ ಊಟವೇ ಎಂದು ಮತ್ತಾಯ, ಮಾರ್ಕ, ಲೂಕ ಮೂವರೂ ಬರೆದಿದ್ದಾರೆ. ಅಂದು ಆತ ಮುರಿದ ರೊಟ್ಟಿ, ಕೊಟ್ಟ ಪಾತ್ರೆ ಇಂದು ನಮ್ಮ ಕೈಗೆ ಬರುತ್ತವೆ. ಆರಾಧನೆ ಎಷ್ಟು ಗಂಟೆಗೆ ಎಂದು ನಾವೆಲ್ಲ ವಿಚಾರಿಸಿಕೊಂಡಿದ್ದೇವೆ. ನಮ್ಮ ಒಳಗೆ ಏನಿದೆ ಎಂದು ವಿಚಾರಿಸಿಕೊಂಡವರು ಎಷ್ಟು ಜನ?

ಯೆಹೂದ್ಯರ ಮನೆಗಳಲ್ಲಿ ಇಂದಿಗೂ ಪಸ್ಕದ ಹಿಂದಿನ ರಾತ್ರಿ ಒಂದು ಹುಡುಕಾಟ ನಡೆಯುತ್ತದೆ. ವಾರಗಟ್ಟಲೆ ಮನೆ ತೊಳೆದು ಗುಡಿಸಿದ ಮೇಲೂ ಕತ್ತಲಾದ ನಂತರ ಮೇಣದಬತ್ತಿ ಹಿಡಿದು, ಮೂಲೆ ಮೂಲೆಗೆ ಬೆಳಕು ಬೀರಿ, ಹುಳಿ ಹಾಕಿದ ರೊಟ್ಟಿಯ ಚೂರು ಎಲ್ಲಾದರೂ ಉಳಿದಿದೆಯೇ ಎಂದು ನೋಡುತ್ತಾರೆ. ಸಿಕ್ಕಿದ್ದನ್ನು ಪುಕ್ಕದಿಂದ ಬಳಿದು ತೆಗೆದಿಟ್ಟು ಮರುದಿನ ಬೆಳಿಗ್ಗೆ ಸುಡುತ್ತಾರೆ. ಆಮೇಲೆ, ತಮ್ಮ ಕಣ್ಣಿಗೆ ಬೀಳದೆ ಉಳಿದುಹೋದ ಹುಳಿ ಏನಾದರೂ ಇದ್ದರೆ ಅದು ತಮ್ಮದಲ್ಲ, ನೆಲದ ಧೂಳಿಗೆ ಸಮ ಎಂದು ಬಾಯಿಬಿಟ್ಟು ಹೇಳುತ್ತಾರೆ. ಈ ಕ್ರಮದ ಮುಂದೆ ನನ್ನ ತಲೆ ಬಾಗುತ್ತದೆ. ಕೈಲಾದಷ್ಟು ಪ್ರಾಮಾಣಿಕವಾಗಿ ಹುಡುಕು, ಕೈಮೀರಿದ್ದನ್ನು ದೇವರ ಕರುಣೆಗೆ ಬಿಡು, ಎರಡೂ ಅದರಲ್ಲಿವೆ. ನಾವು ಎರಡನೆಯದನ್ನು ಮಾತ್ರ ಕಲಿತಿದ್ದೇವೆ. ಹುಡುಕದೆಯೇ ಕರುಣೆ ಕೇಳುತ್ತೇವೆ.

ಪೌಲನು ಕೊರಿಂಥದವರಿಗೆ ಬರೆದಾಗ ಈ ಹಳೆಯ ಹುಳಿ ಎಂದರೆ ಕೆಟ್ಟತನ, ದುಷ್ಟತನ ಎಂದು ನೇರವಾಗಿ ಹೇಳಿದ. ಅದು ನಮ್ಮಲ್ಲಿ ಎಲ್ಲಿ ಅಡಗಿದೆ? ‘ನಾನು ಪಾಪಿ’ ಎಂದು ಸಭೆಯ ಜೊತೆ ಒಂದೇ ದನಿಯಲ್ಲಿ ಓದುವುದು ಸುಲಭ. ತಮ್ಮನ ಪಾಲಿನ ಜಮೀನನ್ನು ಸುಳ್ಳು ಕಾಗದ ಮಾಡಿಸಿ ನನ್ನ ಹೆಸರಿಗೆ ಬರೆಸಿಕೊಂಡೆ ಎನ್ನುವುದು ಕಷ್ಟ. ಮನೆಗೆಲಸದವಳ ಸಂಬಳವನ್ನು ಎರಡು ತಿಂಗಳಿಂದ ತಡೆಹಿಡಿದಿದ್ದೇನೆ, ಸೊಸೆಯನ್ನು ದಿನವೂ ಮಾತಿನಲ್ಲೇ ಚುಚ್ಚುತ್ತಿದ್ದೇನೆ, ಸಭೆಯ ಚುನಾವಣೆಯಲ್ಲಿ ಎದುರು ಪಕ್ಷದವನ ಬಗ್ಗೆ ಇಲ್ಲದ್ದನ್ನು ಹಬ್ಬಿಸಿದೆ. ಇವಕ್ಕೆ ಒಂದೊಂದಕ್ಕೂ ಹೆಸರಿದೆ, ವಿಳಾಸವಿದೆ. ಆ ಹೆಸರನ್ನು ಹೇಳದ ಪಾಪನಿವೇದನೆ ಯಾರನ್ನೂ ಸಿದ್ಧಗೊಳಿಸುವುದಿಲ್ಲ.

ಆ ಮೇಲಂತಸ್ತಿನ ಕೋಣೆಯಲ್ಲಿ, ನಿಮ್ಮಲ್ಲೊಬ್ಬನು ನನ್ನನ್ನು ಹಿಡಿದುಕೊಡುವನು ಎಂದು ಯೇಸು ಹೇಳಿದಾಗ ಶಿಷ್ಯರು ಏನು ಮಾಡಿದರು ನೋಡಿ. ಮತ್ತಾಯನ ಪ್ರಕಾರ ಯಾರೂ ಪಕ್ಕದವನ ಕಡೆ ಬೆರಳು ತೋರಿಸಲಿಲ್ಲ. ಒಬ್ಬೊಬ್ಬರೂ ಅದು ನಾನೇ ಇರಬಹುದೇ ಎಂದು ಕೇಳಿದರು. ಜೀವಮಾನದಲ್ಲಿ ಅವರು ಎಷ್ಟೋ ಸಲ ಎಡವಿದರು. ಆ ರಾತ್ರಿಯೇ ಯಾರು ದೊಡ್ಡವರು ಎಂದು ಜಗಳವಾಡಿದರೆಂದು ಲೂಕ ಬರೆಯುತ್ತಾನೆ. ಆದರೂ ಆ ಒಂದು ಗಳಿಗೆಯಲ್ಲಿ ಅವರು ಊಟಕ್ಕೆ ಯೋಗ್ಯರಂತೆ ನಡೆದುಕೊಂಡರು. ತಮ್ಮನ್ನೇ ಸಂಶಯಿಸುವ ಧೈರ್ಯ ಅವರಿಗಿತ್ತು.

ಕೊರಿಂಥದಲ್ಲಿ ಆ ಧೈರ್ಯ ಸತ್ತಿತ್ತು. ಅಲ್ಲಿನ ಸಭೆ ಕರ್ತನ ಊಟಕ್ಕೆ ಕೂಡಿಬಂದಾಗ ಉಳ್ಳವರು ತಾವು ತಂದದ್ದನ್ನು ತಾವೇ ಮೊದಲು ತಿಂದು ಮುಗಿಸುತ್ತಿದ್ದರು. ಒಬ್ಬ ಕುಡಿದು ಮತ್ತನಾಗಿದ್ದರೆ ಇನ್ನೊಬ್ಬ ಹಸಿದು ಕೂತಿರುತ್ತಿದ್ದ. ಹಸಿದವರಲ್ಲಿ ಹಗಲಿಡೀ ದುಡಿದು ತಡವಾಗಿ ಬಂದ ಆಳುಗಳೇ ಹೆಚ್ಚಿದ್ದಿರಬೇಕು. ಅಯೋಗ್ಯವಾಗಿ ಉಣ್ಣುವ ಬಗ್ಗೆ, ತನ್ನನ್ನು ತಾನು ಪರೀಕ್ಷಿಸಿಕೊಳ್ಳುವ ಬಗ್ಗೆ ಪೌಲನ ಕಟುವಾದ ಎಚ್ಚರಿಕೆ ಬಂದದ್ದು ಈ ಜಾಗದಲ್ಲಿ. ಇದನ್ನು ದಯವಿಟ್ಟು ಗಮನಿಸಿ. ನಾವು ಆ ಮಾತನ್ನು ಓದಿ ನಮ್ಮ ಮನಸ್ಸಿನ ಗುಪ್ತ ಆಲೋಚನೆಗಳನ್ನಷ್ಟೇ ತಡಕಾಡುತ್ತೇವೆ. ಪೌಲನ ಕಣ್ಣಿದ್ದದ್ದು ಖಾಲಿ ತಟ್ಟೆಯ ಮುಂದೆ ಅವಮಾನದಿಂದ ಕೂತ ಬಡವನ ಮೇಲೆ. ಆ ಬಡವನನ್ನು ಕಾಣದವನು ಕರ್ತನ ದೇಹವನ್ನೂ ಕಾಣಲಾರ.

ಇದು ದೂರದ ಗ್ರೀಸಿನ ಕಥೆಯಾಗಿ ಮುಗಿಯಲಿಲ್ಲ. ದಕ್ಷಿಣ ಭಾರತದ ಸಭೆಗಳಲ್ಲಿ ಜಾತಿಯ ಮೇಲೆ ಕೂರುವ ಜಾಗ ಬೇರೆಯಾಗಿತ್ತು, ಇದೇ ಮೇಜಿಗೆ ಬರುವ ಸರದಿ ಬೇರೆಯಾಗಿತ್ತು. ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ಪತ್ರ ಬರೆದು ಇದನ್ನು ಪೂರ್ತಿಯಾಗಿ ಬಿಡಬೇಕೆಂದು ಅಪ್ಪಣೆ ಮಾಡಿದಾಗ ತಂಜಾವೂರಿನ ಕಡೆ ಅನೇಕರು ಸಭೆಯನ್ನೇ ಬಿಟ್ಟರು, ಜಾತಿಯನ್ನು ಬಿಡಲಿಲ್ಲ. ನಮ್ಮ ನಾಡಿನಲ್ಲಿ ಬೇರೊಂದು ಸಾಕ್ಷಿಯೂ ಇದೆ. ಮಂಗಳೂರಿನ ಬ್ರಾಹ್ಮಣ ಕುಟುಂಬದ ಆನಂದರಾವ್ ಕೌಂಡಿಣ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದು ಮುಂದೆ ಬಾಸೆಲ್ ಮಿಷನ್ನಿನ ಪಾದ್ರಿಯಾದರು. ಕೊಡಗಿನಲ್ಲಿ ಜೀತದಿಂದ ಬಂದ ದಲಿತ ಕುಟುಂಬಗಳ ಕ್ರೈಸ್ತ ಹಳ್ಳಿ ಅವರ ಹೆಸರಿನಿಂದಲೇ ಆನಂದಪುರ ಎನಿಸಿಕೊಂಡಿತು. ಆ ಕಾಲದಲ್ಲಿ ಅಂಥ ಮನೆತನದವರೊಬ್ಬರು ಜೀತಗಾರರ ಸರೀಕರಾಗಿ ಒಂದೇ ಮೇಜಿಗೆ ಬರಬೇಕಾದರೆ ಒಳಗೆ ಏನೇನು ಸುಟ್ಟುಹೋಗಿರಬೇಕು ಎಂದು ಯೋಚಿಸಿ. ಈಗ ನಮ್ಮ ಸರದಿ. ಗುರುವಾರ ಒಂದೇ ಪಾತ್ರೆಯಲ್ಲಿ ಕುಡಿದು, ಸೋಮವಾರ ಮಗಳ ಸಂಬಂಧ ನೋಡುವಾಗ ‘ಅವರು ಮೊದಲು ಯಾವ ಜನ?’ ಎಂದು ಕೇಳುವ ನಾಲಿಗೆ ಯಾವ ಊಟಕ್ಕೆ ಸಿದ್ಧವಾಗಿದೆ?

ಇಷ್ಟು ಹೇಳಿದ ಮೇಲೆ ಇನ್ನೊಂದು ಗುಂಪಿನ ಜೊತೆ ಮಾತಾಡಲೇಬೇಕು. ರೊಟ್ಟಿ ಬರುವ ಹೊತ್ತಿಗೆ ತಲೆ ತಗ್ಗಿಸಿ ಕೊನೆಯ ಬೆಂಚಿನಲ್ಲೇ ಉಳಿಯುವವರು ಪ್ರತಿ ಸಭೆಯಲ್ಲೂ ಇದ್ದಾರೆ. ಕುಡಿತ ಬಿಡಲು ಹೋರಾಡಿ ಮತ್ತೆ ಬಿದ್ದವನು, ಗಂಡ ಬಿಟ್ಟುಹೋದ ಮೇಲೆ ಊರ ಬಾಯಿಗೆ ಬಿದ್ದವಳು, ಮನಸ್ಸಿನ ಕಾಯಿಲೆಯಲ್ಲಿ ಪ್ರಾರ್ಥನೆಯೇ ಬಾರದವರು. ‘ನಾನು ಯೋಗ್ಯನಲ್ಲ’ ಎನ್ನುತ್ತಾರೆ. ನಿಮಗೆ ನಾನು ಹಿಜ್ಕೀಯ ಅರಸನ ಪಸ್ಕವನ್ನು ನೆನಪಿಸುತ್ತೇನೆ. ಯಾಜಕರು ಸಾಕಷ್ಟು ಮಂದಿ ಶುದ್ಧರಾಗಿರಲಿಲ್ಲ, ಜನ ಯೆರೂಸಲೇಮಿಗೆ ಬಂದು ಸೇರಿರಲಿಲ್ಲ. ಆದ್ದರಿಂದ ಹಬ್ಬವನ್ನೇ ಎರಡನೆಯ ತಿಂಗಳಿಗೆ ಇಟ್ಟುಕೊಂಡರು. ಅಂಚೆಯವರು ಉತ್ತರದ ಊರುಗಳಿಗೆ ಕರೆ ಒಯ್ದಾಗ ಬಹಳ ಜನ ಅವರನ್ನು ನೋಡಿ ನಕ್ಕರು. ಕೆಲವರು ಮಾತ್ರ ತಗ್ಗಿಸಿಕೊಂಡು ಬಂದರು. ಎಫ್ರಾಯೀಮ್, ಮನಸ್ಸೆ, ಇಸ್ಸಾಕಾರ್, ಜೆಬುಲೂನ್ ಕುಲಗಳಿಂದ ಬಂದವರಲ್ಲಿ ಹೆಚ್ಚಿನವರು ಶುದ್ಧಾಚಾರ ಮಾಡಿಕೊಂಡಿರಲಿಲ್ಲ. ಬರೆದ ನಿಯಮಕ್ಕೆ ವಿರುದ್ಧವಾಗಿಯೇ ಉಂಡರು. ಅರಸನು ಅವರನ್ನು ಹೊರಗೆ ಕಳುಹಿಸಲಿಲ್ಲ. ದೇವರನ್ನು ಹುಡುಕಲು ಮನಸ್ಸು ಮಾಡಿದ ಪ್ರತಿಯೊಬ್ಬನನ್ನೂ ಕ್ಷಮಿಸೆಂದು ಅವರಿಗಾಗಿ ಪ್ರಾರ್ಥಿಸಿದನು. ದೇವರು ಕೇಳಿದನು, ಜನರನ್ನು ಸ್ವಸ್ಥಮಾಡಿದನು.

ಹಾಗಾದರೆ ಬಿದ್ದವರೇ, ಬನ್ನಿ. ಬಿದ್ದದ್ದಕ್ಕೆ ಅಳುವ ಮನಸ್ಸಿದ್ದರೆ ನೀವು ಆಗಲೇ ಅರ್ಧ ದಾರಿ ನಡೆದಿದ್ದೀರಿ. ಸಭಾಪಾಲಕರೇ, ಹಿರಿಯರೇ, ಹಿಂದಿನ ಬೆಂಚಿನವರ ಹೆಸರು ನಿಮಗೆ ಗೊತ್ತು. ಗುರುವಾರಕ್ಕೆ ಮೊದಲು ಅವರ ಮನೆಗೆ ಹೋಗಿ. ಹಿಜ್ಕೀಯ ಪ್ರಾರ್ಥಿಸಿದಂತೆ ಅವರ ಪಕ್ಕ ಕೂತು ಪ್ರಾರ್ಥಿಸಿ.

ಮುಂದಿನ ಸಾಲುಗಳಲ್ಲಿ ಕೂರುವ ನಮಗೆ ಬೇರೆ ಕೆಲಸವಿದೆ. ಬಲಿಪೀಠದ ಮುಂದೆ ಕಾಣಿಕೆ ತಂದಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನಾದರೂ ಇದ್ದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಹೋಗು ಎಂದು ಯೇಸು ಬೆಟ್ಟದ ಮೇಲೆ ಹೇಳಿದ್ದನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ನಿನ್ನ ಮನಸ್ಸಿನಲ್ಲಿ ಅವನ ಮೇಲೆ ಏನಿದೆ ಎಂದು ಆತ ಅಲ್ಲಿ ಕೇಳಲಿಲ್ಲ. ನೊಂದವನು ಅವನು, ನಡೆದು ಹೋಗಬೇಕಾದವನು ನಾನು. ಈ ವಾರ ಆ ನಡಿಗೆ ಆಗಲೇಬೇಕು. ತಡೆಹಿಡಿದ ಸಂಬಳವನ್ನು ಬುಧವಾರದೊಳಗೆ ಕೊಟ್ಟುಬಿಡಿ. ತಮ್ಮನ ಜಮೀನಿನ ಕಾಗದ ಸರಿಪಡಿಸಲು ವಕೀಲರ ಬಳಿ ಹೋಗಿ. ಒಂದು ವಾರದಲ್ಲಿ ಮುಗಿಯದಿದ್ದರೂ ಹಿಂತಿರುಗಿಸುತ್ತೇನೆಂದು ಅವನ ಎದುರು ನಿಂತು ಹೇಳಿ. ವರ್ಷಗಟ್ಟಲೆ ಮಾತು ಬಿಟ್ಟ ಅಕ್ಕನಿಗೆ ಇವತ್ತೇ ಫೋನ್ ಮಾಡಿ. ಆಕೆ ಎತ್ತದೆ ಹೋಗಬಹುದು. ನಾಳೆ ಮತ್ತೆ ಮಾಡಿ. ಆಗಲೂ ಎತ್ತದಿದ್ದರೆ ಬಸ್ಸು ಹತ್ತಿ ಆಕೆಯ ಊರಿಗೆ ಹೋಗಿ.